ಅತ್ತೆಯ ಕೈಗುಣ

ನನಗೆ ಮಕ್ಕಳಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ಹೊಸಬರನ್ನು ಕಂಡ ಕೂಡಲೇ ಕೇಳುವ ಮೊದಲ ಪ್ರಶ್ನೆ ಅದೇ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವಳು ಟಿಕೆಟ್ ತೆಗೆಯುವಷ್ಟರಲ್ಲಿ ಕೇಳುತ್ತಾಳೆ, "ಎಷ್ಟ ಮಕ್ಕಳ್ರಿ ನಿಮಗ?" ಇಲ್ಲ ಎಂದರೆ ಅಲ್ಲಿಗೆ ಬಿಡುವುದಿಲ್ಲ. ತೊಂದರೆ ಯಾರದು, ಯಾವ ಡಾಕ್ಟರು, ಯಾವ ದೇವರು, ಎಲ್ಲ ವಿಚಾರಿಸಿ, ತನ್ನ ಊರು ಬಂದಾಗ "ಆಗ್ತಾವ ಬಿಡ್ರಿ" ಎಂದು ನನ್ನ ತೊಡೆ ತಟ್ಟಿ ಇಳಿದುಹೋಗುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ. ಈಗ ನಲವತ್ತೆರಡು ನಡೆಯುತ್ತಿದೆ. ಇನ್ನು ಆಗುವುದಿಲ್ಲ. ಆದರೆ ನಾನು ಬರೆಯಲು ಕುಳಿತದ್ದು ಮಕ್ಕಳಿಲ್ಲದ ದುಃಖವನ್ನಲ್ಲ, ಅದು ಹಳೆಯದಾಯಿತು. ಬರೆಯಬೇಕಾದದ್ದು ನನ್ನ ಅತ್ತೆಗೆ ನಾನು ಮಾಡಿದ ಅನ್ಯಾಯವನ್ನು.

ನನ್ನ ತವರು ನಿಪ್ಪಾಣಿ. ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಅಪ್ಪ ನನ್ನನ್ನು ಬಿ.ಎಸ್ಸಿ., ಬಿ.ಎಡ್. ಓದಿಸಿ, ಕೊಕಟನೂರಿನ ಹತ್ತಿರದ ಒಂದು ತೋಟದ ಮನೆಗೆ ಮದುವೆ ಮಾಡಿಕೊಟ್ಟ. ನಾಲ್ಕು ಎಕರೆ ದ್ರಾಕ್ಷಿ, ಉಳಿದದ್ದು ಕಬ್ಬು. ಮಾವ ಮೊದಲೇ ಹೋಗಿದ್ದರು. ಮನೆಯಲ್ಲಿ ಗಂಡ, ಅತ್ತೆ ಮತ್ತು ನಾನು, ಮೂರೇ ಜನ. ಗಂಡನನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ, ಇಲ್ಲಿಯೂ ಇವರು ಎಂದೇ ಬರೆಯುತ್ತೇನೆ. ನಾನು ದಿನಾ ಬಸ್ಸು ಹಿಡಿದು ಅಥಣಿಯ ಒಂದು ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋಗುತ್ತಿದ್ದೆ. ನನ್ನ ನಾಲಿಗೆ ಸ್ವಲ್ಪ ಖಾರ. "ನಿಪ್ಪಾಣಿ ತಂಬಾಕ ಐತಿ ಇದು, ಮೂಗಿಗಿ ಹತ್ತತೈತಿ" ಎಂದು ಇವರು ಚೇಷ್ಟೆ ಮಾಡುತ್ತಿದ್ದರು.

ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಸುತ್ತಿನ ನಾಲ್ಕೂರಲ್ಲಿ ಅವರಿಗಿದ್ದ ಮರ್ಯಾದೆ ನಮ್ಮ ಹೆಡ್‌ಮಾಸ್ತರರಿಗೂ ಇರಲಿಲ್ಲ. ಹೆರಿಗೆ ಯಾವ ಆಸ್ಪತ್ರೆಯಲ್ಲೇ ಆಗಿರಲಿ, ಮನೆಗೆ ಬಂದ ಬಾಣಂತಿಗೆ ಮೊದಲ ನೀರು ಹಾಕಲು ಅತ್ತೆಯೇ ಬೇಕು. ಬಚ್ಚಲಿನಲ್ಲಿ ಎರಡೂ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕಿದರೆ, ಅದುವರೆಗೆ ಕಿರುಚುತ್ತಿದ್ದ ಕೂಸು ಅಲ್ಲೇ ಕಣ್ಣು ಮುಚ್ಚುತ್ತಿತ್ತು. ಆಮೇಲೆ ಬಾಣಂತಿಗೆ ಹೊಗೆ ಕೊಡುವುದು. ಹೊರಸಿನ ಕೆಳಗೆ ಕೆಂಡ ಇಟ್ಟು, ಕೆಂಡದ ಮೇಲೆ ಅಜವಾನ, ಬಳ್ಳೊಳ್ಳಿ ಸಿಪ್ಪೆ, ಒಂದು ಚೂರು ಲೋಬಾನ ಉದುರಿಸಿ, ಹೊರಸಿನ ಮೇಲೆ ಅವಳನ್ನು ಮಲಗಿಸಿ ಕಂಬಳಿ ಹೊದಿಸುತ್ತಿದ್ದರು. ಅದಕ್ಕೆ ಅವರು ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. "ಅವರ ಕೈಗುಣ ಭಾಳ ಚೊಲೊ ಐತ್ರಿ" ಎಂದು ಜನ ಹೇಳುವಾಗ ಕೇಳಿಸದವರಂತೆ ಬೇರೆ ಕಡೆ ನೋಡುತ್ತಿದ್ದರು, ಆದರೆ ಕಿವಿ ಅಲ್ಲೇ ಇರುತ್ತಿತ್ತು.

ಮದುವೆಯಾಗಿ ಎರಡು ವರ್ಷವಾದರೂ ನನಗೆ ದಿನ ನಿಲ್ಲಲಿಲ್ಲ. ಬೇರೆ ಮನೆಯಲ್ಲಾಗಿದ್ದರೆ ಮಾತು ಶುರುವಾಗುತ್ತಿತ್ತು. ಅತ್ತೆ ಒಂದು ಮಾತೂ ಆಡಲಿಲ್ಲ. ಒಂದು ದಿನ, ಮುಟ್ಟಾದ ಐದನೆಯ ದಿನ, ನಾನು ತಲೆಗೆ ನೀರು ಹಾಕಿಕೊಳ್ಳಲು ಹೋದರೆ ಅವರೇ ಬಚ್ಚಲಿನಲ್ಲಿ ಸೀರೆ ಎತ್ತಿಕಟ್ಟಿ ನಿಂತಿದ್ದರು. ಹಂಡೆಯಲ್ಲಿ ಬೇವಿನ ತಪ್ಪಲು ಕುದಿಯುತ್ತಿತ್ತು, ಅದಕ್ಕೊಂದು ನೀರು ತಿಳಿಯಾಗಿಸುವ ಪಟಕದ ಹರಳು ಹಾಕಿದ್ದರು. "ಕುಂಡ್ರ ಯವ್ವಾ" ಎಂದರು. ನಾನು ನಾಚಿಕೊಂಡೆ. "ಏನ ನಾಚಿಕಿ, ನಾ ನಿನ್ನ ಅವ್ವ ಇದ್ಹಂಗ" ಎಂದು ಬೆನ್ನು ತಿಕ್ಕಿ, ಸೊಂಟಕ್ಕೆ ಬಿಸಿ ನೀರು ಸುರಿದರು. ಆಮೇಲೆ ಹೊರಸಿನ ಮೇಲೆ ಮಲಗಿಸಿ ಬಾಣಂತಿಯರಿಗೆ ಕೊಡುವ ಹೊಗೆಯನ್ನೇ ನನಗೂ ಕೊಟ್ಟರು. ಹಡೆಯದವಳಿಗೆ ಆ ಹೊಗೆ ಕೊಡುವ ಪದ್ಧತಿ ಎಲ್ಲೂ ಇಲ್ಲ. ಅತ್ತೆಯ ಲೆಕ್ಕ ಬೇರೆ ಇತ್ತು. "ಅವರಿಗೆ ಹಡದ ಮ್ಯಾಲ ಕೊಡ್ತೀವಿ, ನಿನಗ ಮೊದಲ ಕೊಡ್ತೀನಿ. ಒಳಗ ಸ್ವಚ್ಛ ಇದ್ರ ಕೂಸ ತಾನ ನಿಂದರತೈತಿ" ಎಂದರು.

ಆರು ವರ್ಷ ಅದು ತಪ್ಪಲಿಲ್ಲ. ಪ್ರತಿ ತಿಂಗಳು ಐದನೆಯ ದಿನ ಬೇವಿನ ನೀರು, ಹೊಗೆ. ನಿಜ ಹೇಳಬೇಕೆಂದರೆ ನನಗೆ ಅದು ಬೇಕಾಗಿತ್ತು. ಅವ್ವ ಹೋದ ಮೇಲೆ ನನ್ನ ತಲೆಗೆ ಇನ್ನೊಬ್ಬರು ನೀರು ಹಾಕಿದ್ದೇ ಇಲ್ಲ. ಮತ್ತೆ ಮುಟ್ಟಾಯಿತೆಂದು ನಾಲ್ಕು ದಿನ ಅತ್ತವಳು ಐದನೆಯ ದಿನ ಆ ಕೈಗಳ ಕೆಳಗೆ ಕುಳಿತು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಮೂರನೆಯ ವರ್ಷದಿಂದ ನನಗೆ ಬಿಳಿ ಹೋಗಲು ಶುರುವಾಗಿತ್ತು, ಜೊತೆಗೆ ಕೆಟ್ಟ ವಾಸನೆ. ಯಾರಿಗೆ ಹೇಳುವುದು. ಗಂಡನಿಗೆ ಹೇಳಲು ನಾಚಿಕೆ, ಅತ್ತೆಗೆ ಹೇಳಿದರೆ ಹೊಲಸು ಹೆಂಗಸು ಎಂದುಕೊಂಡಾರು ಎಂಬ ಭಯ. ಅಥಣಿಯಲ್ಲಿ ಶಾಲೆ ಬಿಟ್ಟ ಮೇಲೆ ಮೆಡಿಕಲ್ ಅಂಗಡಿಗೆ ಹೋಗಿ, ಗಾಯ ತೊಳೆಯುವ ಔಷಧದ ಬಾಟಲಿ ಮತ್ತು ಒಂದು ರಬ್ಬರಿನ ಪಿಚಕಾರಿ ತಂದೆ. ಒಂದು ಮುಚ್ಚಳ ಔಷಧವನ್ನು ನೀರಿಗೆ ಬೆರೆಸಿ ಒಳಗೆಲ್ಲ ತೊಳೆದುಕೊಂಡೆ. ಎರಡು ದಿನ ವಾಸನೆ ಹೋಯಿತು, ಮೂರನೆಯ ದಿನ ಮತ್ತೆ ಬಂತು. ಮತ್ತೆ ತೊಳೆದೆ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ಎರಡು ಸಲ, ಕೊನೆಗೆ ದಿನ ಬಿಟ್ಟು ದಿನ. ಉರಿಯುತ್ತಿತ್ತು. ಉರಿದರೆ ಔಷಧ ಕೆಲಸ ಮಾಡುತ್ತಿದೆ ಎಂದುಕೊಳ್ಳುತ್ತಿದ್ದೆ. ಬಾಟಲಿಯನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದೆ. ಎಂಟನೆಯ ಇಯತ್ತೆಗೆ ಸೂಕ್ಷ್ಮಜೀವಿಗಳ ಪಾಠ ಮಾಡುವವಳು ನಾನೇ. ಹಾಲು ಮೊಸರಾಗಿಸುವ ಜೀವಿಗಳು ನಮ್ಮ ಗೆಳೆಯರು ಎಂದು ಬೋರ್ಡಿನ ಮೇಲೆ ಬರೆದು, ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಎಂಥ ದಡ್ಡಿ.

ಡಾಕ್ಟರುಗಳ ಬಳಿ ಓಡಾಟ ಚಿಕ್ಕೋಡಿಯಿಂದ ಶುರುವಾಗಿ, ಕಾಗವಾಡ ದಾಟಿ ಮಿರಜವರೆಗೆ ಹೋಯಿತು. ಇವರಲ್ಲಿ ತೊಂದರೆಯಿಲ್ಲ, ನನ್ನ ಅಂಡಾಣುಗಳಲ್ಲಿಯೂ ಅಂಥ ತೊಂದರೆಯಿಲ್ಲ, ಆದರೂ ನಿಲ್ಲುತ್ತಿಲ್ಲ. ಕೊನೆಗೆ ಟೆಸ್ಟ್‌ಟ್ಯೂಬ್ ಮಾಡಿಸಿದೆವು. ಮೂರು ಭ್ರೂಣಗಳಾದವು. ಮೊದಲನೆಯದನ್ನು ಒಳಗೆ ಬಿಟ್ಟರು, ಹದಿನಾಲ್ಕು ದಿನ ಕಾದೆವು, ನಿಲ್ಲಲಿಲ್ಲ. ಎರಡನೆಯದೂ ಹಾಗೇ ಆಯಿತು. ಉಳಿದದ್ದು ಒಂದು. ಅದನ್ನು ಥಂಡಿಯಲ್ಲಿ ಕಾದಿಟ್ಟಿದ್ದರು. ಮತ್ತೆ ಹೊಸದಾಗಿ ಎಲ್ಲ ಮಾಡಿಸುವ ಶಕ್ತಿ ನನ್ನ ಮೈಯಲ್ಲಿರಲಿಲ್ಲ, ಹಾಗಾಗಿ ಅದೊಂದೇ ನಮ್ಮ ಕೊನೆಯ ಆಸೆ.

ಅದನ್ನು ಬಿಡುವ ಮೊದಲು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರಮ್ಮ, ಒಂದು ಪರೀಕ್ಷೆ ಮಾಡೋಣ ಎಂದರು. ಗರ್ಭಕೋಶದ ಒಳಪದರದ ಒಂದು ಎಳೆಯನ್ನು ತೆಗೆದು ದೂರದ ಲ್ಯಾಬಿಗೆ ಕಳಿಸಿದರು. ಮೂರು ವಾರ ಬಿಟ್ಟು ರಿಪೋರ್ಟಿಗೆ ಹೋದೆವು. ಅತ್ತೆಯೂ ಬಂದಿದ್ದರು, ಹೊರಗೆ ಬೆಂಚಿನ ಮೇಲೆ ಕುಳಿತಿದ್ದರು. ಒಳಗೆ ನಾನು, ಇವರು.

"ಗರ್ಭಕೋಶದಾಗ ಯಾವ ಜೀವೀನೂ ಇರೂದಿಲ್ಲ ಅಂತ ಮೊದಲ ನಾವೂ ಓದಿದ್ವಿ" ಎಂದು ಡಾಕ್ಟರಮ್ಮ ಶುರು ಮಾಡಿದರು. "ಈಗ ನೋಡಿದ್ರ ಅಲ್ಲೂ ಸೂಕ್ಷ್ಮಜೀವಿಗಳು ಅದಾವ. ಭಾಳ ಕಡಿಮಿ, ಆದ್ರ ಅದಾವ. ಲ್ಯಾಕ್ಟೋಬ್ಯಾಸಿಲಸ್ ಅಂತ, ಮೊಸರಿನ್ಯಾಗ ಇರತಾವಲ್ಲ, ಆ ಬಳಗದವು. ಅವು ಹೆಚ್ಚ ಇದ್ದಲ್ಲಿ ಭ್ರೂಣ ಚೊಲೊ ಕುಂದರತೈತಿ ಅಂತ ಕಾಣಸ್ತೈತಿ. ನಿಮ್ಮಲ್ಲಿ ಅವು ಭಾಳ ಕಡಿಮಿ ಆಗ್ಯಾವ, ಇರಬಾರದಂಥಾವು ಸೇರ್ಯಾವ. ಒಳಪದರಕ್ಕ ಬಾವು ಬಂದೈತಿ."

"ಅದಕ್ಕ ನಿಂತಿಲ್ಲೇನ್ರಿ?" ಎಂದು ಇವರು ಕೇಳಿದರು.

"ಅದಕ್ಕಾನ ಅಂತ ನಾ ಹೇಳಾಂಗಿಲ್ಲ. ಇದು ಇನ್ನೂ ಹೊಸಾ ವಿಷಯ, ಪೂರ್ತಿ ಯಾರಿಗೂ ಗೊತ್ತಿಲ್ಲ. ಆದ್ರ ಬಾವು ಇಳಸೂದ ಚೊಲೊ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಒಳಗ ಏನರ ಹಾಕಿ ತೊಳಕೊಳ್ತೀರೇನ?"

ಇವರು ನನ್ನ ಮುಖ ನೋಡುತ್ತಿದ್ದರು. ವಿಜ್ಞಾನದ ಮಾಸ್ತರಿಣಿ ನಾನು, ಗಂಡನ ಮುಂದೆ ಪಿಚಕಾರಿಯ ಹೆಸರು ಹೇಗೆ ಹೇಳಲಿ. ಬಾಯಿಂದ ಹೊರಟದ್ದು ಇಷ್ಟು: "ನಮ್ಮ ಅತ್ತಿಯವರು ಪ್ರತಿ ತಿಂಗಳ ಬೇವಿನ ನೀರ ಹಾಕ್ತಾರ್ರಿ. ಪಟಕ ಹಾಕಿ. ಹೊಗಿ ಕೊಡ್ತಾರ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಡಾಕ್ಟರಮ್ಮ ಏನನ್ನೋ ಬರೆದುಕೊಂಡು, "ಮೈಮ್ಯಾಲ ಹಾಕೊಂಡ್ರ ಏನ ಆಗೂದಿಲ್ಲ, ಒಳಗ ಮಾತ್ರ ಏನೂ ಹೋಗಬಾರದು. ಒಳಗ ತೊಳದ್ರ ಒಳ್ಳೇವು ಸಾಯ್ತಾವ" ಎಂದರು. ಅಲ್ಲಿಗೆ ನನಗೆ ಎಲ್ಲ ಅರ್ಥವಾಯಿತು. ಅತ್ತೆಯ ನೀರು ಹೊರಗೇ ಹರಿದುಹೋಗಿತ್ತು. ಒಳಗೆ ಹೋದದ್ದು ನನ್ನ ಬಾಟಲಿ.

ಇವರಿಗೆ ಅರ್ಥವಾದದ್ದು ಬೇರೆ. ಗಾಡಿ ಓಡಿಸುತ್ತಾ ಕಾಗವಾಡ ದಾಟಿದರು. ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದರು. ಆಮೇಲೆ ಇವರು ಮೆಲ್ಲಗೆ, "ನಮ್ಮ ಕೆಳಗಿನ ದ್ರಾಕ್ಷಿ ಪ್ಲಾಟ್ ಹಿಂಗ ಆಗಿತ್ತ ನೋಡ. ಔಷಧಿ ಹೊಡದ ಹೊಡದ ಮಣ್ಣ ಸತ್ತಿತ್ತ. ಮಜ್ಜಿಗಿ, ಬೆಲ್ಲ, ಸಗಣಿ ಕಲಿಸಿ ಸ್ಲರಿ ಬಿಟ್ಟ ಮ್ಯಾಲ ಬಳ್ಳಿ ಹಸರಾತು" ಎಂದರು. ದ್ರಾಕ್ಷಿ ಬೆಳೆಯುವವನಿಗೆ ಡಾಕ್ಟರಮ್ಮನ ಮಾತು ನನಗಿಂತ ಬೇಗ ತಿಳಿದಿತ್ತು. ಔಷಧಿ ಹೊಡೆದವರು ಯಾರು ಎಂಬುದೊಂದೇ ತಿಳಿದಿರಲಿಲ್ಲ.

ಮನೆಗೆ ಬಂದು ಚಹಾ ಕುಡಿಯುವಾಗ ಇವರು ಹೇಳಿಯೇ ಬಿಟ್ಟರು. ಸಿಟ್ಟಿನಿಂದಲ್ಲ, ಮೆತ್ತಗೆ. "ಯವ್ವಾ, ಇನ್ನ ಮ್ಯಾಲ ಆಕಿಗೆ ಬೇವಿನ ನೀರ ಹಾಕಬ್ಯಾಡ. ಹೊಗೀನೂ ಬ್ಯಾಡ. ಒಳಗ ಕೂಸ ಹಿಡದ ಇಡು ಸಣ್ಣ ಜೀವ ಇರತಾವಂತ, ಅವು ಸತ್ತಾವಂತ." ಅತ್ತೆ ಚಹಾದ ಬಸಿಯನ್ನು ಕೆಳಗಿಟ್ಟರು. ಬಹಳ ಹೊತ್ತು ತಮ್ಮ ಅಂಗೈಗಳನ್ನು ನೋಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು, "ನಾ ಕೊಂದಾವು ಮತ್ತ ಬರ್ತಾವೇನ ಯವ್ವಾ?"

ಅಲ್ಲೇ ಹೇಳಬೇಕಾಗಿತ್ತು. ಒಂದೇ ಮಾತು ಸಾಕಿತ್ತು. ನಾನು "ಬರ್ತಾವ್ರಿ ಅತ್ತಿ" ಎಂದೆ.

ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಗಂಡನ ಭಯ ಅಂತ ಹೇಳಬಹುದು, ಆದರೆ ಇವರು ಕೈ ಎತ್ತುವವರಲ್ಲ, ಬೈಯುವವರೂ ಅಲ್ಲ. ನಿಜವೇನೆಂದರೆ, ಎಂಟು ವರ್ಷ ಎಲ್ಲರ ಕಣ್ಣೂ ನನ್ನ ಹೊಟ್ಟೆಯ ಮೇಲಿತ್ತು. ಆವತ್ತು ಮೊದಲ ಸಲ ಅದು ಬೇರೆಯವರ ಮೇಲೆ ಹೋಗಿತ್ತು. ನನಗೆ ಹಗುರಾಯಿತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ, ಆದರೆ ಹಗುರಾದದ್ದು ಹೌದು.

ಔಷಧ ಶುರುವಾಯಿತು. ಮೊದಲು ಬಾವು ಇಳಿಸುವ ಗುಳಿಗೆ, ಆಮೇಲೆ ಒಳ್ಳೆಯ ಜೀವಿಗಳನ್ನು ಮತ್ತೆ ಕೂಡಿಸುವ ಕ್ಯಾಪ್ಸೂಲು. ಬಾಟಲಿ, ಪಿಚಕಾರಿ ಎರಡನ್ನೂ ಕಾಗದದಲ್ಲಿ ಸುತ್ತಿ ಅಥಣಿಯ ಬಸ್‌ಸ್ಟ್ಯಾಂಡಿನ ಕಸದ ಡಬ್ಬಿಗೆ ಹಾಕಿ ಬಂದೆ. ಮನೆಯಲ್ಲಿ ಅತ್ತೆ ಮೊಸರಿನ ಹಿಂದೆ ಬಿದ್ದಿದ್ದರು. ಮೂರು ಹೊತ್ತೂ ನನ್ನ ತಾಟಿನಲ್ಲಿ ಗಟ್ಟಿ ಮೊಸರು. ತಿಂದ ಮೊಸರು ಅಲ್ಲಿಗೆ ಹೋಗುವುದಿಲ್ಲ ಎಂದು ನಾನು ವಿಜ್ಞಾನ ಹೇಳಿದರೆ, "ಹೋಗ್ಲಿ ಬಿಡ್ಲಿ, ತಿನ್ನ ನೀ" ಎನ್ನುತ್ತಿದ್ದರು. ನಮ್ಮಿಬ್ಬರಿಗೂ ಆ ದಿನಗಳಲ್ಲಿ ಬಂದ ನಗು ಅಷ್ಟೇ.

ಒಂದು ಮಧ್ಯಾಹ್ನ ಪಕ್ಕದ ಊರಿನ ಒಬ್ಬ ಹೆಂಗಸು ಬಂದು, ಮಗಳು ಹಡೆದು ಮನೆಗೆ ಬಂದಿದ್ದಾಳೆ, ನೀರು ಹಾಕಲು ಬರಬೇಕು ಎಂದು ಅತ್ತೆಯನ್ನು ಕರೆದಳು. ಅತ್ತೆ, "ಕೈ ನೋಯಾಕತ್ತಾವ ತಂಗಿ, ಬ್ಯಾರೆಯವರನ್ನ ನೋಡ" ಎಂದು ಕಳಿಸಿದರು. ಎರಡು ವಾರದಲ್ಲಿ ಇನ್ನೊಬ್ಬಳು ಬಂದಳು, ಅವಳಿಗೂ ಅದೇ ಉತ್ತರ. ಆವತ್ತು ಬೆಳಿಗ್ಗೆ ಅತ್ತೆ ಎರಡು ಕೊಡ ನೀರು ಎತ್ತಿ ತಂದದ್ದನ್ನು ನಾನೇ ನೋಡಿದ್ದೆ. ಕರೆಯಲು ಬರುವವರು ಕಡಿಮೆಯಾದರು, ಆಮೇಲೆ ನಿಂತೇ ಹೋದರು. ಮಂಗಳವಾರಕ್ಕೊಮ್ಮೆ ಕೊಕಟನೂರಿನ ಎಲ್ಲಮ್ಮನ ಗುಡಿಗೆ ನಡೆದುಕೊಂಡೇ ಹೋಗಿ ಬರುತ್ತಿದ್ದರು. ಏನು ಬೇಡಿಕೊಂಡಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎರಡನೆಯ ಪರೀಕ್ಷೆಯ ರಿಪೋರ್ಟು ಚೆನ್ನಾಗಿ ಬಂತು. ಬಾವು ಇಳಿದಿತ್ತು, ಇರಬೇಕಾದ ಜೀವಿಗಳು ಮರಳಿ ಬಂದಿದ್ದವು. ಕೊನೆಯ ಭ್ರೂಣವನ್ನು ಬಿಟ್ಟರು. ಈ ಸಲ ನಿಂತಿತು. ಏಳನೆಯ ವಾರ ಸ್ಕ್ಯಾನಿನಲ್ಲಿ ಒಂದು ಕಾಳಿನಷ್ಟು ದೊಡ್ಡದು ಮಿಣಮಿಣ ಮಿಡಿಯುವುದನ್ನು ನೋಡಿದೆ. ಇವರು ಆಸ್ಪತ್ರೆಯಲ್ಲೇ ಗೋಡೆ ಕಡೆ ಮುಖ ಮಾಡಿ ಅತ್ತರು. ಮನೆಯಲ್ಲಿ ಅತ್ತೆ ನನ್ನ ಕಾಲು ನೆಲ ಮುಟ್ಟಲೂ ಬಿಡಲಿಲ್ಲ. ಆದರೆ ನನ್ನನ್ನು ಮುಟ್ಟುತ್ತಲೂ ಇರಲಿಲ್ಲ. ತಾಟನ್ನು ದೂರದಿಂದ ಸರಿಸುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ ಎಂದರೆ, "ಬ್ಯಾಡ ಯವ್ವಾ, ಇನ್ನೊಂದೀಟ ದಿನ ಹೋಗಲಿ" ಎನ್ನುತ್ತಿದ್ದರು.

ಹತ್ತನೆಯ ವಾರದ ಸ್ಕ್ಯಾನಿನಲ್ಲಿ ಮಿಡಿತ ಇರಲಿಲ್ಲ.

ಡಾಕ್ಟರಮ್ಮ ನನ್ನ ಕೈ ಹಿಡಿದು ಹೇಳಿದರು. ಈ ಸಲ ಒಳಪದರದ ತಪ್ಪಿಲ್ಲ, ಅದು ಸರಿಯಾಗಿಯೇ ಇತ್ತು. ಹೀಗೆ ಹೋಗುವುದು ಬಹಳ ಸಲ ಭ್ರೂಣದೊಳಗಿನ ದೋಷದಿಂದ, ಇದರಲ್ಲಿ ಯಾರ ಕೈಯೂ ಇಲ್ಲ ಎಂದು ಬಿಡಿಸಿ ಹೇಳಿದರು. ಇವರು ಆಗ ಹೊರಗೆ ಔಷಧ ತರಲು ಹೋಗಿದ್ದರು. ಆ ಮಾತು ಕೇಳಿದವಳು ನಾನೊಬ್ಬಳೇ.

ಎಲ್ಲ ತೆಗೆಸಿಕೊಂಡು ಮರುದಿನ ಮನೆಗೆ ಬಂದೆ. ಮಲಗಿದ್ದ ನನ್ನ ಕಾಲ ಬಳಿ ಅತ್ತೆ ಬಂದು ಕುಳಿತರು. ಸೆರಗು ಬಾಯಿಗೆ ಹಿಡಿದಿದ್ದರು. "ನನ್ನ ಕೈಲೆ ಆತ ಯವ್ವಾ ಇದು. ನಿನ್ನ ಹೊಟ್ಟಿ ನಾ ಕೆಡಿಸಿದೆ. ನನ್ನ ತಪ್ಪ ಹೊಟ್ಟ್ಯಾಗ ಹಾಕೊಂಡ ಬಿಡ" ಎಂದರು. ನನಗೆ ಎಲ್ಲರ ಮೇಲೂ ಸಿಟ್ಟಿತ್ತು, ದೇವರ ಮೇಲೆ, ಡಾಕ್ಟರಮ್ಮನ ಮೇಲೆ, ಬಸ್ಸಿನಲ್ಲಿ ತೊಡೆ ತಟ್ಟುವವರ ಮೇಲೆ. ನಾನು ಗೋಡೆ ಕಡೆ ಹೊರಳಿ, "ಆತ ಬಿಡ್ರಿ ಅತ್ತಿ. ನಾ ಮನಸ್ಸಿನ್ಯಾಗ ಏನೂ ಇಟಗೊಂಡಿಲ್ಲ" ಎಂದೆ. ನನ್ನ ತಪ್ಪಿಗೆ ನಾನು ಅವರನ್ನು ಕ್ಷಮಿಸಿದೆ. ಅವರು ನನ್ನ ಪಾದ ಮುಟ್ಟಿ ಎದ್ದುಹೋದರು.

ಮೂರು ವರ್ಷ ಹೀಗೇ ಕಳೆಯಿತು. ನಾನು ಶಾಲೆ, ಇವರು ತೋಟ, ಅತ್ತೆ ಒಲೆ. ಯಾರೂ ಆ ವಿಷಯ ಎತ್ತಲಿಲ್ಲ. ಹೇಳಬೇಕು ಎಂದು ಎಷ್ಟೋ ಸಲ ಅಡುಗೆಮನೆಯವರೆಗೆ ಹೋಗಿ ಉಪ್ಪು ಕೇಳಿ ಬಂದಿದ್ದೇನೆ.

ಹೋದ ಬೇಸಿಗೆಯಲ್ಲಿ, ಪಕ್ಕದ ತೋಟದವರ ಮಗಳು ಅಂಕಲಿಯ ಗಂಡನ ಮನೆಯಿಂದ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳು ಹುಟ್ಟಿದಾಗ ಮೊದಲ ನೀರು ಹಾಕಿದವರು ಅತ್ತೆಯೇ. ಹಡೆದು ಹನ್ನೆರಡು ದಿನವಾದ ಮೇಲೆ ಕೂಸನ್ನು ಎತ್ತಿಕೊಂಡು ತಾನೇ ನಮ್ಮ ಅಂಗಳಕ್ಕೆ ಬಂದಳು. "ಆಯಿ, ನಾವ ಹೇಳಿ ಕಳಿಸಿದ್ರೂ ನೀವ ಬರಲಿಲ್ಲ, ಅದಕ್ಕ ನಾನ ಬಂದೇನಿ. ನನ್ನ ಕೂಸಿಗೆ ಒಂದ ಸಲ ನೀರ ಹಾಕ್ರಿ" ಎಂದು ಕೂಸನ್ನು ಮುಂದೆ ಚಾಚಿದಳು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. "ನನ್ನ ಕೈಯಾಗ ಕೊಡಬ್ಯಾಡವ್ವಾ. ನನ್ನ ಸೊಸಿ ಹೊಟ್ಟಿ ಈ ಕೈಲೇನ ಕೆಟ್ಟೈತಿ" ಎಂದರು. ಅಳಲಿಲ್ಲ, ದನಿಯೂ ಏರಲಿಲ್ಲ. ಸಕ್ಕರೆ ಕಾಯಿಲೆ ಇದೆ, ಚಹಾಕ್ಕೆ ಸಕ್ಕರೆ ಬೇಡ ಎನ್ನುವ ಹಾಗೆ ಹೇಳಿದರು.

ನಾನು ಬಾಗಿಲಲ್ಲಿದ್ದೆ. ಇವರು ಅಂಗಳದ ಮೂಲೆಯಲ್ಲಿ ಡ್ರಿಪ್ಪಿನ ಪೈಪು ಸುತ್ತುತ್ತಿದ್ದರು. ಇನ್ನು ತಡೆಯಲಾಗಲಿಲ್ಲ. "ಅತ್ತಿಯವರದ ಏನೂ ತಪ್ಪಿಲ್ಲ. ನಾನ ಔಷಧಿ ತಂದ ಒಳಗ ತೊಳಕೋತಿದ್ದೆ. ಯಾರಿಗೂ ಹೇಳಿದ್ದಿಲ್ಲ. ಡಾಕ್ಟರ ಮುಂದೂ ಹೇಳಲಿಲ್ಲ" ಎಂದೆ. ಇವರ ಕೈಯಲ್ಲಿದ್ದ ಪೈಪು ನಿಂತಿತು. ನನ್ನನ್ನು ಒಂದೇ ಸಲ ನೋಡಿದರು. ಆ ನೋಟದಲ್ಲಿ ಅವರು ನಂಬಿದ್ದು ಗೊತ್ತಾಯಿತು. ಪೈಪನ್ನು ಅಲ್ಲೇ ಬಿಟ್ಟು ತೋಟದ ಕಡೆ ನಡೆದುಬಿಟ್ಟರು. ಇಂದಿನವರೆಗೂ ಆ ಮಾತು ಎತ್ತಿಲ್ಲ, ಚೇಷ್ಟೆ ಮಾಡುವುದನ್ನು ಮಾತ್ರ ಬಿಟ್ಟಿದ್ದಾರೆ.

ಅತ್ತೆ ಆ ಹುಡುಗಿಯ ಕಡೆ ತಿರುಗಿದರು. ಅವರ ಕಣ್ಣು ತುಂಬಿತ್ತು. "ನೋಡವ್ವಾ, ಇಂಥಾ ಸೊಸಿ ಯಾರಿಗಿ ಸಿಗತಾಳ. ನನ್ನ ಸಲುವಾಗಿ ನಾಲ್ಕ ಮಂದಿ ಮುಂದ ತನ್ನ ಮ್ಯಾಲ ಹಾಕ್ಕೊಳ್ಳಾಕತ್ತಾಳ" ಎಂದರು.

ಆ ಹುಡುಗಿ ಊರೆಲ್ಲ ಹೇಳಿದಳು. ಈಗ ಅಥಣಿಯ ಸಂತೆಯಲ್ಲೂ ಗುರುತಿನ ಹೆಂಗಸರು ನನ್ನನ್ನು ನಿಲ್ಲಿಸಿ, ಅತ್ತೆಯನ್ನು ನೋಡಿಕೊಂಡರೆ ನಿನ್ನ ಹಾಗೆ ನೋಡಿಕೊಳ್ಳಬೇಕು ಎನ್ನುತ್ತಾರೆ.

ಅಂಗಳದಲ್ಲಿ ಇದೆಲ್ಲ ನಡೆದ ಮರುದಿನ ಬೆಳಿಗ್ಗೆ ಅತ್ತೆ ಒಬ್ಬರೇ ಹಿತ್ತಲಲ್ಲಿದ್ದಾಗ ಹೋಗಿ ಅವರ ಮುಂದೆ ಕುಳಿತೆ. ಎಲ್ಲ ಹೇಳಿದೆ. ಯಾವ ಅಂಗಡಿ, ಯಾವ ಬಾಟಲಿ, ಪಿಚಕಾರಿ, ಟ್ರಂಕು, ವಾರಕ್ಕೆ ಎಷ್ಟು ಸಲ. ಕೊನೆಯ ಕೂಸು ಹೋದದ್ದು ಯಾರಿಂದಲೂ ಅಲ್ಲ ಎಂದು ಡಾಕ್ಟರಮ್ಮ ಹೇಳಿದ್ದು, ನಾನು ಅದನ್ನು ನುಂಗಿಕೊಂಡದ್ದು. ಎಲ್ಲಮ್ಮನ ಆಣೆ ಮಾಡಿದೆ. ಅವರ ಕಾಲು ಹಿಡಿದು ಅತ್ತುಬಿಟ್ಟೆ. ಅವರು ಪೂರ್ತಿ ಕೇಳಿದರು. ಮುಗಿದ ಮೇಲೆ ನಿಟ್ಟುಸಿರು ಬಿಟ್ಟರು.

"ನನ್ನ ಮ್ಯಾಲ ಇಷ್ಟ ಪ್ರೀತಿ-ಮಾಯಾ ಮಾಡಬ್ಯಾಡ ಯವ್ವಾ" ಎಂದರು. "ನಾ ಮಾಡಿದ್ದ ನನಗ ಗೊತ್ತೈತಿ."

ನನ್ನನ್ನು ಎಬ್ಬಿಸಲು ಕೂಡ ಅವರು ಕೈ ಚಾಚಲಿಲ್ಲ.